ಸುಣ್ಣ ಬಳಿದ ಹಣಿಗೆ

ಸುಣ್ಣದ ವಾಸನೆ ಬಂದರೆ ಉಳಿದವರಿಗೆ ಹಬ್ಬ ನೆನಪಾಗುತ್ತದಂತೆ, ಮದುವೆಯ ಮನೆ ನೆನಪಾಗುತ್ತದಂತೆ. ನನಗೆ ಸಿಟ್ಟು ಬರುತ್ತದೆ. ಮೊನ್ನೆ ಮುಲುಂಡಿನಲ್ಲಿ ನಮ್ಮ ಸೊಸೈಟಿಯ ಮುಂದಿನ ಮರಗಳ ಬುಡಕ್ಕೆ ಇಬ್ಬರು ಸುಣ್ಣ ಬಳಿಯುತ್ತಿದ್ದರು. ಯಾರೋ ದೊಡ್ಡ ಮನುಷ್ಯರು ಆ ದಾರಿಯಾಗಿ ಬರುವವರಿದ್ದರಂತೆ, ಅವರ ಕಣ್ಣಿಗೆ ಮರಗಳು ಬೆಳ್ಳಗೆ ಕಾಣಬೇಕಂತೆ. ಬಕೆಟ್ಟಿನಿಂದ ಹಸಿ ಸುಣ್ಣದ ಘಾಟು ಎದ್ದು ಬಂತು. ತರಕಾರಿ ಚೀಲ ಹಿಡಿದುಕೊಂಡು ನಿಂತಲ್ಲೇ ನಿಂತುಬಿಟ್ಟೆ. "ಅಮ್ಮಾ, ಮುಖ ಯಾಕೆ ಕೆಂಪಾಗಿದೆ? ಬಿಪಿ ಮಾತ್ರೆ ತಗೊಂಡ್ಯಾ ಇಲ್ವಾ?" ಎಂದಳು ಮಗಳು. ಮಾತ್ರೆಗೆ ಇಳಿಯುವ ಸಿಟ್ಟಾಗಿದ್ದರೆ ಯಾವಾಗಲೋ ಇಳಿದಿರುತ್ತಿತ್ತು.

ಎಪ್ಪತ್ತರ ದಶಕದ ಮೊದಲ ಭಾಗ. ನಗರಪಾಲಿಕೆಗೆ ಚುನಾವಣೆ ನಡೆದ ವರ್ಷ. ನಾನು ಮಲಾಡಿನ ಪೂರ್ವಕ್ಕಿದ್ದ ಒಂದು ಪುಟ್ಟ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದೆ. ನಮ್ಮದು ಕುಂದಾಪುರದ ಕಡೆ. ಗಂಡ ಫೋರ್ಟಿನಲ್ಲಿ ಬ್ಯಾಂಕ್ ಗುಮಾಸ್ತರು. ಶಾಲೆಯ ಹಿಂಗೋಡೆಗೆ ತಾಗಿಕೊಂಡೇ ಸಾಲುಮನೆಗಳ ಒಂದು ಚಾಳ್ ಇತ್ತು. ಅದನ್ನು ಎಲ್ಲರೂ ಖದಾನ್ ಚಾಳ್ ಎನ್ನುತ್ತಿದ್ದರು, ಅಲ್ಲಿದ್ದವರೆಲ್ಲ ಗುಡ್ಡದ ಖದಾನಿನಲ್ಲಿ ಕಲ್ಲು ಒಡೆಯುವವರು. ವಿಜಾಪುರದ ಕಡೆಯವರು, ಕಲಬುರ್ಗಿಯವರು. ನನ್ನ ಕ್ಲಾಸಿನ ಅರ್ಧ ಮಕ್ಕಳು ಆ ಚಾಳಿನವರೇ. ನಾನೂ ಅವರೂ ಆಡುವುದು ಕನ್ನಡವೇ ಆದರೂ ನನ್ನದು ಅವರಿಗೆ ಪುಸ್ತಕ ಓದಿದಂತೆ ಕೇಳಿಸುತ್ತಿತ್ತು, ಅವರದು ನನಗೆ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ.

ಅದರಲ್ಲೂ ಒಂದು ಶಬ್ದ. ಒಂದು ಭಾನುವಾರ ಸ್ಟೇಶನ್ನಿನ ಹತ್ತಿರದ ಮಾರ್ಕೆಟ್ಟಿನಲ್ಲಿ, ಹಸಿರು ಇಳಕಲ್ ಸೀರೆ ಉಟ್ಟ ಒಬ್ಬ ಹೆಂಗಸು ಅಡ್ಡ ಬಂದು ನಿಂತಳು. "ಏನ್ರಿ ಅಕ್ಕೋರ, ನನ್ನ ಖೂನ ಸಿಗಲಿಲ್ಲೇನ್ರಿ?" ನಾನು ಎರಡು ಹೆಜ್ಜೆ ಹಿಂದೆ ಸರಿದೆ. ರಸ್ತೆಯ ಹಿಂದಿ ಕಲಿತ ನಮಗೆ ಖೂನ್ ಎಂದರೆ ಕೊಲೆ. ಅವಳು ಇಡೀ ಮಾರ್ಕೆಟ್ಟು ತಿರುಗಿ ನೋಡುವ ಹಾಗೆ ನಕ್ಕಳು. "ಅಯ್ಯ, ಅಂಜಬ್ಯಾಡ್ರಿ. ಖೂನ ಅಂದ್ರ ಗುರ್ತರಿ. ನಾ ಕಲ್ಲವ್ವ, ಶಾಂತೀ ಅವ್ವ." ಶಾಂತಿ ನನ್ನ ಮೂರನೇ ಕ್ಲಾಸಿನ ಹುಡುಗಿ. ದಿನಾ ಕಲ್ಲಿನ ಧೂಳಿನಲ್ಲಿ ಬೂದಿ ಬಣ್ಣವಾಗಿ ಶಾಲೆಯ ಮುಂದೆ ಹಾಯುತ್ತಿದ್ದ ಹೆಂಗಸು ತೊಳೆದುಕೊಂಡು ಬಂದರೆ ಗುರುತು ಹಿಡಿಯುವುದು ಹೇಗೆ? ಅವತ್ತು ಮೊದಲ ಸಲ ಅವಳ ಬಲ ಮುಂಗೈಯ ಹಚ್ಚೆ ಕಂಡೆ. ಅಡ್ಡಕ್ಕೆ ಒಂದು ಗೆರೆ, ಅದರಿಂದ ಕೆಳಗೆ ಸಾಲಾಗಿ ಇಳಿದ ಸಣ್ಣ ಗೆರೆಗಳು. "ಇದು ಹಣಿಗಿರಿ. ತಲಿ ಹಿಕ್ಕೋತೀವಲ್ಲ, ಆ ಹಣಿಗಿ. ಸಣ್ಣಾಕಿದ್ದಾಗ ನಮ್ಮವ್ವ ಹಾಕಿಸ್ಯಾಳ. ಸತ್ತು ಮ್ಯಾಲ ಹ್ವಾದ್ರೂ ನನ್ನ ಖೂನ ಹಿಡೀಬೇಕಲ್ರಿ ಆಕಿ" ಎಂದಳು. ನಾವು ಬಾಚಣಿಗೆ ಎನ್ನುವುದಕ್ಕೆ ಅವರು ಹಣಿಗೆ ಎನ್ನುತ್ತಿದ್ದರು.

ಆ ಚಾಳಿನಲ್ಲಿ ನೀರಿನ ನಲ್ಲಿ ಇರಲಿಲ್ಲ. ಹೆಂಗಸರು ಕೊಡ ಹೊತ್ತು ರೈಲು ಹಳಿ ದಾಟಿ ಆಚೆ ಬದಿಯಿಂದ ನೀರು ತರಬೇಕಿತ್ತು. ಹಾಗೆ ಹಳಿ ದಾಟುವಾಗ ಲೋಕಲ್ ಬಡಿದು ಹೋದವರ ಹೆಸರುಗಳನ್ನು ಅವರು ತಮ್ಮ ಬಳಗದ ಹೆಸರು ಹೇಳುವಷ್ಟು ಸಲೀಸಾಗಿ ಹೇಳುತ್ತಿದ್ದರು. ನಲ್ಲಿ ಕೊಡಿ ಎಂದು ಕೇಳಿ ಕೇಳಿ ಸಾಕಾಗಿ, ಆ ವರ್ಷ ಕಲ್ಲವ್ವನ ಅಣ್ಣ ಸಿದ್ರಾಮಪ್ಪ ಚುನಾವಣೆಗೇ ನಿಂತ. ಖದಾನಿನಲ್ಲಿ ಕಲ್ಲಿನ ಚೂರು ಸಿಡಿದು ಒಂದು ಕಣ್ಣು ಮಂಜಾದ ಮೇಲೆ ಚಾಳಿನ ಬಾಯಲ್ಲಿ ಬೀಡಿ ಅಂಗಡಿ ಇಟ್ಟುಕೊಂಡಿದ್ದ ಮನುಷ್ಯ. ಏರುದನಿ ಗೊತ್ತಿಲ್ಲ, ಯಾರ ಜೊತೆ ಮಾತಾಡಿದರೂ ಕೈ ಮುಗಿದೇ ಇರುತ್ತಿತ್ತು. ಅವನ ಎದುರು ನಿಂತವರಲ್ಲಿ ದೊಡ್ಡವನೆಂದರೆ ನಮ್ಮ ಶಾಲೆಯ ಎದುರಿಗೇ ಕಿರಾಣಿ ಅಂಗಡಿ ಇದ್ದ ಶೇಠ್. ಶೇಠನ ಚಿಹ್ನೆ ತಕ್ಕಡಿ. ಪಕ್ಷವಿಲ್ಲದ ಸಿದ್ರಾಮಪ್ಪನಿಗೆ, ಉಳಿದವರೆಲ್ಲ ಆರಿಸಿಕೊಂಡ ಮೇಲೆ, ಬಾಚಣಿಗೆ ಕೊಟ್ಟರು.

ಪೇಟೆಯವರೆಲ್ಲ ನಕ್ಕರು. ಚಾಳಿನ ಹೆಂಗಸರು ಮಾತ್ರ ಅದನ್ನು ದೇವರೇ ಕಳಿಸಿಕೊಟ್ಟ ಹಾಗೆ ಎತ್ತಿಕೊಂಡರು. "ಬರ್ಲಿ ಬಿಡ್ರಿ, ಶೇಠನ ತಲ್ಯಾಗಿನ ಹೇನು ಹಿಕ್ಕಿ ತಗೀತೀವಿ" ಎಂದು ಕಲ್ಲವ್ವ ಹೇಳಿದ್ದು ಮಲಾಡಿನ ಪೂರ್ವಕ್ಕೆಲ್ಲ ಹರಡಿತು. ಪೋಸ್ಟರು ಅಚ್ಚು ಹಾಕಿಸುವ ತಾಕತ್ತು ಯಾರಿಗೂ ಇರಲಿಲ್ಲ. ಓದು ಬಾರದವರಿಗೆ ಪೋಸ್ಟರು ಯಾಕೆ ಬೇಕು? ಒಂದು ಅಡ್ಡ ಗೆರೆ, ಕೆಳಗೆ ನಾಲ್ಕಾರು ಹಲ್ಲು. ಹೆಂಗಸರು ಸುಣ್ಣದಲ್ಲಿ, ಕೆಮ್ಮಣ್ಣಿನಲ್ಲಿ ತಮ್ಮ ತಮ್ಮ ಬಾಗಿಲ ಪಕ್ಕದಲ್ಲಿ ಬೆರಳಿನಿಂದಲೇ ಹಣಿಗೆ ಬರೆದುಕೊಂಡರು. ಚಾಳಿಗೆ ಚಾಳೇ ತಲೆ ಬಾಚಿಕೊಂಡು ಹೊರಟ ಹಾಗಿತ್ತು.

ಮತಗಟ್ಟೆಯ ಕೆಲಸಕ್ಕೆ ಟೀಚರುಗಳನ್ನು ಹಾಕುವುದು ಆಗಲೂ ಇತ್ತು. ನನ್ನನ್ನು ನಮ್ಮ ಶಾಲೆಯ ಮತಗಟ್ಟೆಗೇ ಹಾಕಿದರು. ತರಬೇತಿಗೆ ಫೋರ್ಟಿಗೆ ಕರೆಸಿದ್ದರು. ಒಬ್ಬ ಅಧಿಕಾರಿ ನಿಯಮಗಳನ್ನು ಓದಿದ: ಮಾಲಕನ ಒಪ್ಪಿಗೆ ಇಲ್ಲದೆ ಗೋಡೆಯ ಮೇಲೆ ಬರೆಯಬಾರದು, ಮತಗಟ್ಟೆಯ ಸುತ್ತ ನೂರು ಮೀಟರಿನೊಳಗೆ ಯಾವ ಉಮೇದುವಾರನ ಚಿಹ್ನೆಯೂ ಕಾಣಬಾರದು. ಕೇಳುವಾಗ ನನಗೆ ಬಹಳ ಸರಿ ಎನ್ನಿಸಿತು. ಈಗಲೂ ಸರಿಯೇ. ನನ್ನ ಸಿಟ್ಟು ನಿಯಮದ ಮೇಲಲ್ಲ. ಅಳತೆಯ ಟೇಪು ಬಡವರ ಮನೆಯ ಕಡೆಗೆ ಹೋಗುವಾಗ ಉದ್ದವಾಗಿ, ದುಡ್ಡಿದ್ದವರ ಅಂಗಡಿಯ ಕಡೆಗೆ ಹೋಗುವಾಗ ಸುತ್ತಿಕೊಂಡು ಜೇಬು ಸೇರುತ್ತದಲ್ಲ, ಅದರ ಮೇಲೆ.

ಮತದಾನದ ಹಿಂದಿನ ದಿನ ಬೆಳಿಗ್ಗೆ ನಗರಪಾಲಿಕೆಯ ಇನ್‌ಸ್ಪೆಕ್ಟರ್ ಎನ್ನಿಸಿಕೊಂಡ ಒಬ್ಬಾತ ಶಾಲೆಗೆ ಬಂದ. ಜೊತೆಗೆ ಒಬ್ಬ ಪೊಲೀಸ್, ಸುಣ್ಣದ ಬಕೆಟ್ ಹಿಡಿದ ಒಬ್ಬ ಆಳು. ನಮ್ಮ ವರಾಂಡದ ಗೋಡೆಯ ಮೇಲೆ ಮಕ್ಕಳು ನೀಲಿ ಬಣ್ಣದಲ್ಲಿ ಮಳೆಗಾಲದ ಚಿತ್ರ ಬರೆದಿದ್ದರು: ಮೇಲೆ ಮೋಡ, ಮೋಡದಿಂದ ಸಾಲಾಗಿ ಸುರಿಯುವ ಮಳೆ, ಕೆಳಗೊಂದು ಕೊಡೆ. ಇನ್‌ಸ್ಪೆಕ್ಟರ್ ಅದರ ಮುಂದೆ ನಿಂತು, "ಬಾಯಿ, ಹೀ ಕುಣಾಚೀ ಖೂಣ?" ಎಂದು ಮರಾಠಿಯಲ್ಲಿ ಕೇಳಿದ. ಅಮ್ಮಾ, ಇದು ಯಾರ ಗುರುತು ಎಂದು. ಓಹೋ, ಕಲ್ಲವ್ವನ ಖೂನದ ತವರುಮನೆ ಇಲ್ಲಿದೆ ಎಂದು ನನಗೆ ಆಗ ಹೊಳೆಯಿತು. ಆತನ ಬಾಯಿಂದಲೇ, ಆ ಅರ್ಥದಲ್ಲೇ, ನನ್ನ ಕಿವಿಯಾರೆ ಕೇಳಿದ ಶಬ್ದ ಅದು. ಇದನ್ನು ಓದುವವರು ದಯವಿಟ್ಟು ನೆನಪಿಡಬೇಕು.

"ಯಾರ ಗುರುತೂ ಅಲ್ಲ, ಅದು ಮಳೆ" ಎಂದೆ.

"ಮೇಲೆ ಅಡ್ಡ ಗೆರೆ ಇದೆ, ಕೆಳಗೆ ಹಲ್ಲು ಇದೆ. ಬಾಚಣಿಗೆ."

"ಬಾಚಣಿಗೆಯ ಕೆಳಗೆ ಯಾರಾದರೂ ಕೊಡೆ ಹಿಡಿಯುತ್ತಾರಾ?"

"ಹಲ್ಲು ಸ್ವಲ್ಪ ಉದ್ದ ಇದೆ, ಅಷ್ಟೇ" ಎಂದು ಹೇಳಿ ಆಳಿಗೆ ಸನ್ನೆ ಮಾಡಿದ. ಮಳೆ ಹೋಯಿತು. ಮಕ್ಕಳು ಬಾಗಿಲಲ್ಲಿ ನಿಂತು ನೋಡುತ್ತಿದ್ದವು. ಶಾಂತಿ, "ಟೀಚರ್, ಕೊಡೆ ಯಾಕೆ ಬಿಟ್ಟರು?" ಎಂದು ಕೇಳಿದಳು. ಕೊಡೆ ಯಾರ ಚಿಹ್ನೆಯೂ ಆಗಿರಲಿಲ್ಲವಲ್ಲ, ಅದಕ್ಕೆ ಉಳಿಯಿತು.

ನಾನು ಆತನನ್ನು ಗೇಟಿನ ತನಕ ಕರೆದುಕೊಂಡು ಹೋಗಿ ರಸ್ತೆಯಾಚೆ ತೋರಿಸಿದೆ. ಶೇಠನ ಅಂಗಡಿಯ ಮುಂದೆ, ತೊಲೆಯಿಂದ ಇಳಿಬಿಟ್ಟ ಆಳೆತ್ತರದ ಹಿತ್ತಾಳೆ ತಕ್ಕಡಿ. ಹುಣಿಸೆಹಣ್ಣು ಹಾಕಿ ತಿಕ್ಕಿ ಹೊಳೆಯುವಂತೆ ಮಾಡಿ, ಅದಕ್ಕೆ ಗೊಂಡೆ ಹೂವಿನ ಹಾರ ಬೇರೆ. ಹಾರ ಹಾಕಿದ್ದು ಅವತ್ತೇ. "ಅದು ಚಿಹ್ನೆ ಅಲ್ಲವಾ?" ಎಂದೆ.

"ಅದು ಪ್ರಚಾರ ಅಲ್ಲ ಬಾಯಿ, ಧಂದೆ. ತಕ್ಕಡಿ ಇಲ್ಲದೆ ಕಿರಾಣಿ ವ್ಯಾಪಾರ ಹೇಗೆ ಮಾಡ್ತಾನೆ?"

ಅಂಗಡಿಯಲ್ಲಿ ಕುಳಿತಿದ್ದ ಶೇಠ್ ಅಲ್ಲಿಂದಲೇ ನಮಸ್ಕಾರ ಮಾಡಿದ. ಅವನ ಹುಡುಗನೊಬ್ಬ ಆಗಲೇ ಮೂರು ಲೋಟ ಚಹಾ ತಂದ. ಇನ್‌ಸ್ಪೆಕ್ಟರ್ ಕುಡಿದ, ಪೊಲೀಸ್ ಕುಡಿದ, ಸುಣ್ಣದ ಆಳೂ ಕುಡಿದ. ಆಮೇಲೆ ಟೇಪು ಬಿಚ್ಚಿಕೊಂಡು ಶಾಲೆಯ ಹಿಂಗೋಡೆಯ ಕಡೆಗೆ ನಡೆದರು. ಆ ಗೋಡೆಯಲ್ಲಿ ಬಾಗಿಲಿಲ್ಲ. ಚಾಳಿನಿಂದ ಶಾಲೆಗೆ ಬರಬೇಕಾದರೆ ದೊಡ್ಡ ಸುತ್ತು ಹಾಕಬೇಕು. ಆದರೆ ಟೇಪಿಗೆ ಗೋಡೆ ಹಾರುವುದು ಬರುತ್ತಿತ್ತು. ಚಾಳಿನ ಎಲ್ಲ ಮನೆಗಳೂ ನೂರು ಮೀಟರಿನೊಳಗೆ ಬಂದವು.

ನಾನು ಸುಮ್ಮನೆ ಕೂರಲಾರದೆ ಹಿಂದೆಯೇ ಹೋದೆ. ಒಂದೊಂದು ಬಾಗಿಲಿನ ಪಕ್ಕದ ಹಣಿಗೆಗೂ ಸುಣ್ಣ ಬಳಿಯುತ್ತಾ ಬರುತ್ತಿದ್ದರು. ಹೆಂಗಸರು ಬಾಯಿ ಮಾಡುತ್ತಿದ್ದರು. ಜಗಳ ಬೇಡವೆಂದು ಸಿದ್ರಾಮಪ್ಪ ಅಂಗಡಿ ಬಿಟ್ಟು ಓಡಿ ಬಂದ. ಬಂದವನು ಎಂದಿನಂತೆ ಕೈ ಮುಗಿದ. ತನಗೆ ಬರುವ ಹಿಂದಿಯಲ್ಲಿ, ನಗುತ್ತಾ, ಅವರನ್ನು ಸಮಾಧಾನಪಡಿಸುವ ದನಿಯಲ್ಲಿ ಹೇಳಿದ: "ಸಾಬ್, ಅಭೀ ಆಪ್ ಮಿಟಾವ್. ಕುಛ್ ನಹೀ ಬೋಲ್ತಾ. ಚುನಾವ್ ಕೆ ಬಾದ್ ಹಮ್ ಫಿರ್ ಖೂನ್ ಕರೇಗಾ. ಘರ್ ಘರ್ ಮೇ ಖೂನ್ ಕರೇಗಾ."

ಪಾಪದ ಮನುಷ್ಯ ಹೇಳಿದ್ದು ಇಷ್ಟೇ: ಈಗ ನೀವು ಅಳಿಸಿ, ನಾವೇನೂ ಅನ್ನುವುದಿಲ್ಲ, ಚುನಾವಣೆ ಮುಗಿದ ಮೇಲೆ ಮನೆಮನೆಗೂ ಮತ್ತೆ ಗುರುತು ಮಾಡಿಕೊಳ್ಳುತ್ತೇವೆ. ಊರಿನಲ್ಲಿ ಖೂನ ಮಾಡುವುದು ಎನ್ನುತ್ತಾರೆ, ಅದನ್ನೇ ಇದ್ದಕ್ಕಿದ್ದ ಹಾಗೆ ಹಿಂದಿಗೆ ದಾಟಿಸಿದ್ದ. ಪೊಲೀಸಿನವನ ಮುಖದಲ್ಲಿ ಮೊದಲು ನಗುವೇ ಬಂತು. ನಾನು ಕಂಡಿದ್ದೇನೆ. ಅವನಿಗೆ ಅರ್ಥವಾಗಿತ್ತು. ಅವನು ನಗುವುದನ್ನು ಕಂಡು ಇನ್‌ಸ್ಪೆಕ್ಟರ್ ಅವನತ್ತ ಒಂದು ಸಲ ನೋಡಿದ. ನಗು ಅಲ್ಲೇ ಸತ್ತಿತು.

"ಕೇಳಿದಿರಾ ಎಲ್ಲರೂ? ಸರಕಾರಿ ನೌಕರನಿಗೆ ಖೂನ್ ಮಾಡುವ ಧಮಕಿ" ಎಂದ ಇನ್‌ಸ್ಪೆಕ್ಟರ್. ಸಿದ್ರಾಮಪ್ಪನ ಮುಗಿದ ಕೈಗಳನ್ನು ಹಾಗೇ ಹಿಡಿದು ಎಳೆದುಕೊಂಡು ಹೋದರು.

ಮಧ್ಯಾಹ್ನ ಕಲ್ಲವ್ವನ ಜೊತೆ ನಾನು ಪೊಲೀಸ್ ಚೌಕಿಗೆ ಹೋದೆ. ಇನ್‌ಸ್ಪೆಕ್ಟರ್ ಅಲ್ಲೇ ಕುಳಿತು ದೂರು ಬರೆಸುತ್ತಿದ್ದ. ನಾನು ಕ್ಲಾಸಿನಲ್ಲಿ ಹೇಳಿದಂತೆ ಬಿಡಿಸಿ ಬಿಡಿಸಿ ಹೇಳಿದೆ: ಅವರ ಕನ್ನಡದಲ್ಲಿ ಖೂನ ಎಂದರೆ ಗುರುತು, ನಿಮ್ಮ ಮರಾಠಿಯಲ್ಲೂ ಅದೇ, ಬೆಳಿಗ್ಗೆ ನನ್ನ ಶಾಲೆಯ ಗೋಡೆಯ ಮುಂದೆ ನೀವೇ ಆ ಶಬ್ದ ಆಡಿದ್ದೀರಿ. ಆತ ಪೂರ್ತಿ ಕೇಳಿದ. ಅಲ್ಲ ಎನ್ನಲಿಲ್ಲ. ಅದೇ ನನ್ನನ್ನು ಇವತ್ತಿಗೂ ಸುಡುವುದು. ತಿಳಿಯದೆ ಮಾಡಿದ್ದರೆ ದಡ್ಡ ಎಂದು ಬಿಟ್ಟುಬಿಡಬಹುದಿತ್ತು. "ಅವನು ಆಡಿದ್ದು ಹಿಂದಿ, ಬಾಯಿ. ಹಿಂದಿಯಲ್ಲಿ ಆಡಿದ ಮಾತಿಗೆ ಹಿಂದಿಯ ಅರ್ಥವೇ. ನೀವು ನಿಮ್ಮ ಶಾಲೆ ನೋಡಿಕೊಳ್ಳಿ" ಎಂದು ಮುಖ ತಿರುಗಿಸಿದ. ಬೆಂಚಿನ ಮೇಲೆ ಕುಳಿತಿದ್ದ ಸಿದ್ರಾಮಪ್ಪ ತಂಗಿಯನ್ನು ನೋಡಿ, "ನಾ ಏನ್ ಅಂದ್ನೆವ್ವಾ? ಏನ್ ಅಂದೆ ನಾ?" ಎಂದು ಅದೊಂದನ್ನೇ ಕೇಳುತ್ತಿದ್ದ.

ಮರುದಿನ ಮತದಾನ. ಉಮೇದುವಾರ ಚೌಕಿಯಲ್ಲಿ, ಅವನು ಸಹಿ ಹಾಕಿ ನೇಮಿಸದೆ ಅವನ ಏಜೆಂಟನೂ ಇಲ್ಲ. ನಮ್ಮ ಮತಗಟ್ಟೆಯಲ್ಲಿ ಹಣಿಗೆಯ ಪರವಾಗಿ ಬಾಯಿ ತೆರೆಯುವ ಒಂದು ಜೀವವೂ ಇರಲಿಲ್ಲ. ಬಾಚಣಿಗೆಯವನು ಕೊಲೆಗಾರ, ಅದಕ್ಕೆ ಮುದ್ರೆ ಒತ್ತಿದವರನ್ನೂ ವಿಚಾರಿಸುತ್ತಾರೆ ಎಂದು ಶೇಠನ ಜನ ಬೆಳಗಿನಿಂದಲೇ ಹಬ್ಬಿಸಿದ್ದರು. ಚಾಳಿನ ಗಂಡಸರು ಹೆದರಿ ಖದಾನಿಗೆ ಹೋದರು. ಬಿಸಿಲೇರುವ ಹೊತ್ತಿಗೆ ಹೆಂಗಸರು ಬಂದರು. ಮುಂದೆ ಕಲ್ಲವ್ವ, ಮಾರ್ಕೆಟ್ಟಿಗೆ ಉಟ್ಟಿದ್ದ ಅದೇ ಹಸಿರು ಸೀರೆಯಲ್ಲಿ.

ನಾನು ಅವಳ ಎಡಗೈ ಬೆರಳಿಗೆ ಶಾಯಿ ಹಚ್ಚುತ್ತಿದ್ದೆ. ಶೇಠನ ಏಜೆಂಟ್ ಕುರ್ಚಿಯಿಂದ ಎದ್ದ. "ಆಕ್ಷೇಪಣೆ! ಇವಳ ಕೈ ಮೇಲೆ ಬಾಚಣಿಗೆ ಇದೆ. ಮತಗಟ್ಟೆಯೊಳಗೆ ಚಿಹ್ನೆ!"

ಮತಗಟ್ಟೆಯ ಮುಖ್ಯ ಅಧಿಕಾರಿ ಯಾವುದೋ ಆಫೀಸಿನ ಗುಮಾಸ್ತ, ಪುಕ್ಕಲ. ನಿಯಮದ ಪುಸ್ತಕ ತೆರೆದು ನೋಡಿದ, ಮುಚ್ಚಿದ, ಮತ್ತೆ ತೆರೆದ. ಹಚ್ಚೆಯ ಬಗ್ಗೆ ಅದರಲ್ಲಿ ಎಲ್ಲಿ ಬರೆದಿರುತ್ತಾರೆ? "ಇದು ಅವಳ ಚರ್ಮ ಸ್ವಾಮೀ! ಹುಡುಗಿಯಾಗಿದ್ದಾಗ ಹಾಕಿಸಿದ್ದು" ಎಂದು ನಾನು ಕೂಗಿದೆ. ಕೂಗಬಾರದಿತ್ತಂತೆ, ಅದೂ ನಿಯಮವಂತೆ. ಕೊನೆಗೆ ಆತ ತಲೆ ಎತ್ತದೆ, "ಚಿಹ್ನೆ ಕಾಣದ ಹಾಗೆ ಮಾಡಿಕೊಂಡು ಬರಲಿ" ಎಂದ.

ಕಲ್ಲವ್ವ ಆತನನ್ನೇ ನೋಡಿದಳು. "ಇದು ನಮ್ಮವ್ವ ಮಾಡಿಸಿದ ಖೂನರಿ. ಎದರ್ಲೆ ಅಳಸ್ಲಿ ಹೇಳ್ರಿ? ಕಲ್ಲೀಲೆ ತಿಕ್ಲೇನು?"

ಅವಳು ಸುತ್ತ ನೋಡಿದಳು. ಮಕ್ಕಳ ಮಳೆಯನ್ನು ಅಳಿಸಿದ ಸುಣ್ಣದ ಬಕೆಟ್ಟನ್ನು ಆಳು ಚಾಳಿನಿಂದ ತಂದು ವರಾಂಡದ ಮೂಲೆಯಲ್ಲಿ ಬಿಟ್ಟುಹೋಗಿದ್ದ. ದಡದಡ ನಡೆದು ಹೋಗಿ ಬಲಗೈಯನ್ನು ಮೊಳಕೈ ತನಕ ಅದರಲ್ಲಿ ಅದ್ದಿ ಎತ್ತಿದಳು. "ತಗೋರಿ. ಗ್ವಾಡಿಗೆ ಬಳದ್ರಿ, ನಮ್ಮ ಮನಿಗೆ ಬಳದ್ರಿ, ನನಗೂ ಬಳಕೊಂಡೆ. ಈಗರೆ ಚೀಟಿ ಕೊಡ್ತೀರೇನು?"

ಹಿಂದೆ ನಿಂತ ಹೆಂಗಸರಲ್ಲಿ ಹಲವರ ಕೈಯಲ್ಲಿ ಹಚ್ಚೆ ಇತ್ತು. ಹಣಿಗೆಯೇ ಇರಬೇಕೆಂದಿಲ್ಲ, ಒಬ್ಬಳದು ಚೇಳು, ಒಬ್ಬಳದು ತುಳಸಿಕಟ್ಟೆ. ಅವರನ್ನು ಯಾರೂ ಏನೂ ಕೇಳಿರಲಿಲ್ಲ. ಆದರೂ ಒಬ್ಬೊಬ್ಬಳೇ ಹೋಗಿ ಕೈ ಅದ್ದಿ ಬಂದಳು. ಏಜೆಂಟನ ಮುಖ ನೋಡಬೇಕಿತ್ತು. ನನಗೆ ಹೆಮ್ಮೆಯಾಯಿತು ಎಂದರೆ ಸುಳ್ಳಲ್ಲ. ನನ್ನ ಸೆರಗಿನಲ್ಲೇ ಅವರ ಬೆರಳು ಒರೆಸಿ ಒರೆಸಿ ಕಳಿಸಿದೆ. ಆ ಸೀರೆ ಆಮೇಲೆ ಸೀರೆಯಾಗಿ ಉಳಿಯಲಿಲ್ಲ. ಕಲ್ಲವ್ವ ಮತಪತ್ರ ಹಿಡಿದು ಮರೆಯ ಹಿಂದೆ ಹೋದಳು, ಮುದ್ರೆ ಒತ್ತಿದಳು, ಮಡಿಸಿ ಪೆಟ್ಟಿಗೆಗೆ ಹಾಕಿದಳು. ಹೋಗುವಾಗ ಶೇಠನ ಏಜೆಂಟನ ಮುಂದೆ ನಿಂತು ತಲೆ ಬಾಚಿಕೊಳ್ಳುವ ಹಾಗೆ ಕೂದಲಲ್ಲಿ ಒಮ್ಮೆ ಕೈ ಆಡಿಸಿದಳು. ಹಣೆಯ ಮೇಲೆ ಬಿಳಿ ಗೆರೆ ಮೂಡಿತು.

ಶೇಠ್ ಗೆದ್ದ. ಸಿದ್ರಾಮಪ್ಪನನ್ನು ಎಣಿಕೆ ಮುಗಿದ ಮೇಲೆ ಬಿಟ್ಟರು. ಕೇಸೂ ಇಲ್ಲ, ಏನೂ ಇಲ್ಲ. "ತಪ್ಪು ತಿಳುವಳಿಕೆ" ಎಂದರಂತೆ. ಬೇಕಾದಷ್ಟು ದಿನ ಮಾತ್ರ ತಪ್ಪಾಗಿ ತಿಳಿಯುವ ಇಂಥ ತಿಳುವಳಿಕೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಂದಿನಿಂದ ಆ ಮನುಷ್ಯ ಹಿಂದಿ ಆಡುವುದನ್ನೇ ಬಿಟ್ಟ. ಕನ್ನಡದಲ್ಲೂ ಖೂನ ಎನ್ನಲಿಲ್ಲ, ನಮ್ಮಂತೆ ಗುರುತು ಎನ್ನತೊಡಗಿದ. ಅವನ ಬಾಯಲ್ಲಿ ನನ್ನ ಶಬ್ದ ಕೇಳಿದಾಗಲೆಲ್ಲ ನನಗೆ ಅಳುವಷ್ಟು ಸಿಟ್ಟು ಬರುತ್ತಿತ್ತು. ನಲ್ಲಿ ಬಂತು, ಮಳೆಗಾಲ ಕಳೆದ ಮೇಲೆ. ಶೇಠನ ಅಂಗಡಿಯ ಮುಂದೆ ಬಂತು.

ಎಣಿಕೆಯ ಕೆಲಸಕ್ಕೆ ನಮ್ಮ ಶಾಲೆಯ ಪೈ ಮಾಸ್ತರು ಹೋಗಿದ್ದರು. ಅವರು ಬಂದು ಹೇಳಿದ ಮೇಲೆಯೇ ನನಗೆ ಇನ್ನೊಂದು ನಿಯಮ ತಿಳಿದದ್ದು. ಮತ ಹಾಕಿದವರು ಯಾರೆಂದು ತಿಳಿಯುವಂಥ ಗುರುತು ಮತಪತ್ರದ ಮೇಲೆ ಇದ್ದರೆ ಅದು ರದ್ದು. ನಮ್ಮ ಪೆಟ್ಟಿಗೆ ತೆರೆದಾಗ ಸುಣ್ಣದ ಬೆರಳು ಮೂಡಿದ ಚೀಟಿಗಳು ಬಂದವಂತೆ. ನಾನು ಎಷ್ಟು ಒರೆಸಿದರೂ ಉಗುರಿನ ಸಂದಿಯಲ್ಲಿ ಉಳಿದ ಸುಣ್ಣ. ಎಲ್ಲದರ ಮೇಲೂ ಮುದ್ರೆ ಬಾಚಣಿಗೆಯ ಮೇಲೆಯೇ, ಗೆರೆ ದಾಟದೆ, ನೆಟ್ಟಗೆ. ಎಲ್ಲವನ್ನೂ ಒಟ್ಟು ಮಾಡಿ ರದ್ದಾದ ಚೀಟಿಗಳ ರಾಶಿಗೆ ಎಸೆದರಂತೆ. ಅವು ಎಣಿಕೆಗೆ ಬಂದಿದ್ದರೆ ಸಿದ್ರಾಮಪ್ಪ ಗೆಲ್ಲುತ್ತಿದ್ದ ಎಂದು ನಾನು ಹೇಳುವುದಿಲ್ಲ, ಅವನು ಸೋತದ್ದು ಅದಕ್ಕಿಂತ ದೊಡ್ಡ ಅಂತರದಲ್ಲಿ. ಆದರೆ ಅವು ಮತಗಳಾಗಿದ್ದವು. ಕೈ ಸುಟ್ಟುಕೊಂಡು ಹಾಕಿದ ಮತಗಳು.

ಅವಳಿಗೆ ಹೇಳದೆ ಇರಲಾಗಲಿಲ್ಲ. ಶಾಂತಿಯನ್ನು ಕರೆದೊಯ್ಯಲು ಬಂದಾಗ ಹೇಳಿದೆ. ಕಲ್ಲವ್ವನ ಮುಂಗೈ ಸುಣ್ಣಕ್ಕೆ ಬೊಬ್ಬೆ ಎದ್ದು ಸಿಪ್ಪೆ ಸುಲಿಯುತ್ತಿತ್ತು. ಅದರಡಿಯಿಂದ ಹಣಿಗೆ ಮೊದಲಿಗಿಂತ ಹಸಿರಾಗಿ ಕಾಣುತ್ತಿತ್ತು. ಅವಳು ಕೈ ತುರಿಸಿಕೊಳ್ಳುತ್ತಾ ಕೇಳಿಸಿಕೊಂಡಳು.

"ಅಲ್ರಿ ಅಕ್ಕೋರ," ಎಂದಳು, "ಅದರ ಮ್ಯಾಲ ನನ್ನ ಖೂನ ಇತ್ತಂದ್ರ, ಅದು ನಂದ ಅಂತ ಅವ್ರಿಗೆ ಗೊತ್ತಾತಲ್ರಿ. ಗೊತ್ತಾಗಿನೂ ಯಾಕ ಒಗದ್ರು?"